ಹತ್ತು ತಿಂಗಳ ವರ್ಷ

ಬಂದರ್, ಮಂಗಳೂರು
8 ಜುಲೈ 2025

ಮಟಿಲ್ಡಾ ಬಾಯಮ್ಮನವರಿಗೆ ಮೀನಿನ ಅಕ್ಕು ಮಾಡುವ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ಕ್ರಮ. ಕ್ಷೇಮವಿದ್ದರೆ ನಾನೇಕೆ ಪೆನ್ನು ಹಿಡಿಯುತ್ತಿದ್ದೆ? ಮೊದಲು ಫೋನ್ ಮಾಡಿದೆ. ನೀವು ಆ ಕಡೆಯಿಂದ ಏಳು ಸಲ "ಎಂತ? ಎಂತ?" ಎಂದು ಕೇಳಿದಿರಿ. ಆಮೇಲೆ ಲವಿನಾ ಫೋನ್ ತೆಗೆದುಕೊಂಡು, "ಅಮ್ಮನಿಗೆ ಈಗ ಕಿವಿ ಏನೂ ಕೇಳುದಿಲ್ಲ, ಮೆಷಿನ್ ಹಾಕ್ಲಿಕ್ಕೆ ಒಪ್ಪುದೂ ಇಲ್ಲ. ಕಾಗದ ಬರೀರಿ, ಓದ್ತಾರೆ" ಎಂದಳು. ನನ್ನ ಮಗ ಕಮಲೇಶ ಎಲ್ಲವನ್ನೂ ವಾಟ್ಸಾಪಿನಲ್ಲಿ ಕಳಿಸುತ್ತೇನೆ ಎಂದ. ಬೇಡವೆಂದೆ. ಮಕ್ಕಳ ಫೋನಿಗೆ ಹೋದದ್ದು ಊರಿಗೇ ಹೋಗುತ್ತದೆ. ಏಳನೇ ಕ್ಲಾಸಿನವರೆಗೆ ಬರೆದ ಕೈ ಇದು, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ.

ನಮ್ಮ ನೀಲಿ ಗೂಡ್ಸ್ ರಿಕ್ಷಾ ನಿಮಗೆ ಗೊತ್ತಲ್ಲ, ಹಿಂದೆ ಐಸ್ ಪೆಟ್ಟಿಗೆ ಇರುವುದು. ಅದನ್ನು ತೆಗೆದದ್ದು ಫೈನಾನ್ಸ್ ಕಂಪನಿಯ ಸಾಲದಲ್ಲಿ. ಹಿಂದಿನ ವರ್ಷ ಕಮಲೇಶ ಕಾಲು ಮುರಿದುಕೊಂಡು ಮಲಗಿದಾಗ ಕಂತು ತಪ್ಪಿತು, ಕಂಪನಿಯವರು ಕೋರ್ಟಿಗೆ ಹೋದರು. ಇದನ್ನು ನಿಮಗೆ ನಾನು ಹೇಳಿರಲಿಲ್ಲ. ನೀವು ರಿಟೈರಾಗಿ ಪುಣೆಗೆ ಹೋಗುವವರೆಗೆ ದಿನಾ ನಿಮ್ಮ ಕೊಡಿಯಾಲ್‌ಬೈಲಿನ ಮನೆಯ ಮೆಟ್ಟಿಲಲ್ಲಿ ಕೂತು ಬಂಗುಡೆ ಕೊಯ್ದು ಕೊಡುತ್ತಿದ್ದವಳು ನಾನು. ನೀವು ಟೈಪಿಸ್ಟಾಗಿದ್ದ ಕೋರ್ಟಿನಲ್ಲೇ ನನ್ನ ಹೆಸರು ಕೂಗುತ್ತಾರೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಕಳೆದ ಡಿಸೆಂಬರಿನಲ್ಲಿ ಲೋಕ ಅದಾಲತ್ತಿಗೆ ಬಂದ ದಿನ ಸೆರಗು ತಲೆಗೆ ಎಳೆದುಕೊಂಡು ಗೋಡೆ ಬದಿಯಲ್ಲಿ ನಿಂತಿದ್ದೆ, ನಿಮ್ಮ ಕಣ್ಣಿಗೆ ಬೀಳಬಾರದೆಂದು.

ಅದಾಲತ್ತಿನಲ್ಲಿ ರಾಜಿಯಾಯಿತು. ತಿಂಗಳಿಗೆ ಆರು ಸಾವಿರದ ಹಾಗೆ ಮೂವತ್ತು ಕಂತು, ಜೂನ್ ಜುಲೈ ಬಿಟ್ಟು. ಆ ಎರಡು ತಿಂಗಳು ಬೋಟು ಕಡಲಿಗೆ ಇಳಿಯಬಾರದೆಂದು ಸರಕಾರದ ನಿಷೇಧ. ಬೋಟಿಲ್ಲದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಅಕ್ಕುವಿನ ಕೈಯಲ್ಲಿ ಕಾಸಿಲ್ಲ. ರಾಜಿ ಮಾಡಿಸಿದ ವಕೀಲೆ ಶರೊನ್ ಮೇಡಂ ಒಪ್ಪಿದರು, ಕಂಪನಿಯ ಮ್ಯಾನೇಜರನೂ ತಲೆಯಾಡಿಸಿದ. ಅರ್ಧ ಗಂಟೆಯಲ್ಲಿ ನಮ್ಮ ಆರ್ಡರು ಟೈಪಾಗಿ ಬಂತು. ನಮಗಿಂತ ಮೊದಲು ಬಂದವರು ಸಂಜೆಯವರೆಗೆ ಕೂತಿದ್ದರಂತೆ. ಕದ್ರಿ ಮಂಜುನಾಥನ ದಯೆ ಎಂದುಕೊಂಡೆ.

ಓದಿ ಹೇಳಿದರು, ಪ್ರತಿ ತಿಂಗಳು ಹತ್ತನೇ ತಾರೀಕಿನೊಳಗೆ ಕಟ್ಟತಕ್ಕದ್ದು ಎಂದು. ಹೂಂ ಎಂದು ಸಹಿ ಹಾಕಿದೆ. ನಮ್ಮ ಬಂದರಿನಲ್ಲಿ ವರ್ಷವೆಂದರೆ ಆಗಸ್ಟಿನಿಂದ ಮೇ, ಹತ್ತೇ ತಿಂಗಳು. ಐಸ್ ಪ್ಲಾಂಟಿನ ಅಹ್ಮದ್ ಬಾವನ ಲೆಕ್ಕ ಹತ್ತು ತಿಂಗಳದ್ದು, ನಮ್ಮ ಹೆಂಗಸರ ಚೀಟಿ ಹತ್ತು ತಿಂಗಳದ್ದು. ಜೂನ್ ಜುಲೈಯನ್ನು ಇಲ್ಲಿ ಯಾರೂ ಎಣಿಸುವುದೇ ಇಲ್ಲ. ಹಾಗಾಗಿ ಆ ಷರತ್ತು ಬಿಟ್ಟುಹೋಗಿದೆ ಎಂದು ನನ್ನ ತಲೆಗೆ ಹೋಗಲೇ ಇಲ್ಲ.

ಜನವರಿಯಿಂದ ಮೇವರೆಗೆ ಒಂದು ದಿನ ತಡ ಮಾಡದೆ ಕಟ್ಟಿದೆ. ನಿನ್ನೆ ಕೋರ್ಟಿನ ಅಮೀನರು ನೋಟೀಸು ತಂದುಕೊಟ್ಟರು. ಜೂನ್ ಕಂತು ತಪ್ಪಿದ್ದರಿಂದ ಬಾಕಿಯೆಲ್ಲ ಬಡ್ಡಿ ಸಮೇತ ಒಮ್ಮೆಗೇ ಕೊಡಬೇಕಂತೆ, ಇಲ್ಲದಿದ್ದರೆ ರಿಕ್ಷಾ ಜಪ್ತಿ. ಈ ತಿಂಗಳು ಇಪ್ಪತ್ತೆಂಟಕ್ಕೆ ಕೋರ್ಟಿಗೆ ಹಾಜರಾಗಬೇಕು. ಆಗಸ್ಟ್ ಒಂದಕ್ಕೆ ಬೋಟು ಇಳಿಯುತ್ತದೆ. ಆಗ ರಿಕ್ಷಾ ಇಲ್ಲದಿದ್ದರೆ ನಾನು ಪುನಃ ಬುಟ್ಟಿ ಹೊರಬೇಕು. ತಲೆ ಹೊತ್ತೀತು, ಮಂಡಿ ಹೊರುವುದಿಲ್ಲ.

ಆರ್ಡರಿನ ಜೆರಾಕ್ಸ್ ಇಟ್ಟಿದ್ದೇನೆ. ಮೂರು ಸಲ ಓದಿದೆ, ಜೂನ್ ಜುಲೈಯ ಮಾತೇ ಅದರಲ್ಲಿಲ್ಲ. ಎಲ್ಲಿ ಹೋಯಿತು ಬಾಯಮ್ಮ ಆ ಮಾತು? ಜೀವಮಾನವೆಲ್ಲ ಕೋರ್ಟಿನಲ್ಲಿ ಕಳೆದವರು ನೀವು. ಒಂದು ದಾರಿ ಹೇಳಿ.

ನಿಮ್ಮ
ಅಕ್ಕು


ಪುಣೆ
14 ಜುಲೈ 2025

ಪ್ರಿಯ ಅಕ್ಕು,

ನಿನ್ನ ಪತ್ರವೂ ಆರ್ಡರಿನ ಪ್ರತಿಯೂ ತಲುಪಿದವು. ಗಾಬರಿಯಾಗಬೇಡ. ಅದಾಲತ್ತಿನ ಆರ್ಡರಿನ ಮೇಲೆ ಅಪೀಲು ಇಲ್ಲ ಎಂದು ಯಾರಾದರೂ ಹೆದರಿಸಿಯಾರು. ಅದು ನಿಜ. ಆದರೆ ಬರವಣಿಗೆಯಲ್ಲಿ ಕೈತಪ್ಪಿನಿಂದ ಬಿಟ್ಟುಹೋದದ್ದನ್ನು ಯಾವಾಗ ಬೇಕಾದರೂ ಸರಿಪಡಿಸುವ ಅಧಿಕಾರ ಕೋರ್ಟಿಗೆ ಉಂಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ ನೂರ ಐವತ್ತೆರಡನೇ ಕಲಮಿನ ಕೆಳಗೆ ಒಂದು ಅರ್ಜಿ ಹಾಕಬೇಕು.

ಉಚಿತ ಕಾನೂನು ನೆರವಿನಲ್ಲಿ ಝಿಯಾದ್ ಎಂಬ ವಕೀಲರಿದ್ದಾರೆ. ಅವರನ್ನೇ ಕೇಳು. ಫೈಲು ಓದಿಕೊಂಡು ಕೋರ್ಟಿಗೆ ಬರುವ ಹುಡುಗ, ಅದು ಈಗ ಅಪರೂಪ. ರಾಜಿಯಾದಾಗ ಎರಡೂ ಕಡೆಯವರು ಸಹಿ ಹಾಕಿದ ಒಂದು ರಾಜಿ ಪತ್ರ ಇರುತ್ತದೆ. ಅದನ್ನು ನೋಡಿಯೇ ಆರ್ಡರು ಟೈಪ್ ಮಾಡುವುದು. ಕೇಸಿನ ಫೈಲಿನಲ್ಲಿ ಹುಡುಕಿದರೆ ಸಿಗಬಹುದು.

ಅದಾಲತ್ತಿನ ದಿನವೆಂದರೆ ನೂರಾರು ಕೇಸು. ಟೈಪ್ ಮಾಡುವವರಿಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಯಾರನ್ನೋ ದೂರುತ್ತ ಕೂತರೆ ನಿನ್ನ ಕೆಲಸ ಆಗುವುದಿಲ್ಲ, ಆದದ್ದನ್ನು ಸರಿ ಮಾಡುವುದು ಮುಖ್ಯ.

ಇದರೊಂದಿಗೆ ಹನ್ನೆರಡು ಸಾವಿರದ ಚೆಕ್ ಇದೆ. ಜೂನ್, ಜುಲೈ ಎರಡೂ ಕಂತನ್ನು ಕಟ್ಟಿಬಿಡು. ಸಾಲವೆಂದು ತಿಳಿಯಬೇಡ, ಹಿಂತಿರುಗಿಸುವ ಯೋಚನೆಯೂ ಬೇಡ. ದಯವಿಟ್ಟು ಇಲ್ಲವೆನ್ನಬೇಡ.

ಇಲ್ಲಿ ನಾನು ಆರಾಮ. ಲವಿನಾ ಆಸ್ಪತ್ರೆಗೆ ಡ್ಯೂಟಿಗೆ ಹೋದರೆ ಮನೆಯಲ್ಲಿ ಒಬ್ಬಳೇ. ಇಲ್ಲಿಯ ಮೀನು ಐಸಿನಲ್ಲಿ ಎಷ್ಟು ದಿನ ಮಲಗಿ ಎದ್ದು ಬಂದದ್ದೋ, ದೇವರಿಗೇ ಗೊತ್ತು.

ಇಂತು
ಮಟಿಲ್ಡಾ


ಬಂದರ್
19 ಜುಲೈ 2025

ಬಾಯಮ್ಮ,

ನಿಮ್ಮ ಕಾಗದ ಓದಿ ಅರ್ಧ ಧೈರ್ಯ ಬಂತು, ಅರ್ಧ ಬೇಜಾರಾಯಿತು. ಬೇಜಾರಿನದ್ದನ್ನು ಮೊದಲು ಮುಗಿಸುತ್ತೇನೆ. ಚೆಕ್ ವಾಪಸ್ ಇಟ್ಟಿದ್ದೇನೆ. ಇಪ್ಪತ್ತು ವರ್ಷದಲ್ಲಿ ನಿಮಗೆ ಹಳಸಿದ ಮೀನು ಕೊಟ್ಟವಳಲ್ಲ, ನಿಮ್ಮಿಂದ ಬಿಟ್ಟಿ ಕಾಸು ತೆಗೆದುಕೊಂಡವಳೂ ಅಲ್ಲ. ನಾನು ಕೇಳಿದ್ದು ದಾರಿ. ನಿಮಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು. ಕನಿಕರ ಒಳ್ಳೆಯದೇ, ಆದರೆ ಅದನ್ನು ತೆಗೆದುಕೊಳ್ಳುವವರಿಗೆ ಸ್ವಲ್ಪ ಚುಚ್ಚುತ್ತದೆ. ಹೇಗೂ ಅದನ್ನು ಕಟ್ಟುವ ಹಾಗಿಲ್ಲ. ಝಿಯಾದ್ ವಕೀಲರು, "ಈಗ ಕಟ್ಟಿದ್ರೆ ಜೂನ್ ಕಂತು ಬಾಕಿ ಇತ್ತು ಅಂತ ನೀವೇ ಒಪ್ಪಿಕೊಂಡ ಹಾಗೆ ಆಗ್ತದೆ ಅಕ್ಕ" ಎಂದರು.

ಒಳ್ಳೆಯ ಜನ. ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ, ಮಾತಿಗೆ ತೂಕ ಉಂಟು. ಅರ್ಜಿ ಹಾಕಿದರು, ನನ್ನನ್ನೂ ಕರೆದುಕೊಂಡು ಹೋಗಿ ಫೈಲು ತೆಗೆಸಿ ನೋಡಿದರು. ಕಂಪನಿಯ ಕಾಗದ ಉಂಟು, ಆರ್ಡರು ಉಂಟು, ನೀವು ಹೇಳಿದ ರಾಜಿ ಪತ್ರ ಇಲ್ಲ. ವಕೀಲರು ಹಣೆ ಉಜ್ಜಿಕೊಂಡು ಹೇಳಿದರು, "ಅದೊಂದು ಕಾಗದ ಸಿಕ್ಕಿದ್ರೆ ಕೇಸು ಮುಗೀತು. ಸಿಗದಿದ್ರೆ ನಿಮ್ಮ ಬಾಯಿಮಾತು, ಅವರ ಬಾಯಿಮಾತು. ಅವರ ಕೈಯಲ್ಲಿ ಆರ್ಡರ್ ಉಂಟು." ಶರೊನ್ ಮೇಡಂ ಈಗ ದುಬೈಯಲ್ಲಿದ್ದಾರಂತೆ. ಅಷ್ಟು ಕೇಸಿನಲ್ಲಿ ನನ್ನದು ನೆನಪಿಲ್ಲ ಎಂದು ಮೆಸೇಜು ಮಾಡಿದರಂತೆ. ಅವರನ್ನು ದೂರುವುದು ಹೇಗೆ? ದಿನಾ ನೂರು ಜನರಿಗೆ ಮೀನು ಕೊಡುವ ನನಗೂ ಯಾರು ಎಷ್ಟು ಬೂತಾಯಿ ತೆಗೆದುಕೊಂಡರೆಂದು ನೆನಪಿರುವುದಿಲ್ಲ.

ಕಂಪನಿಯ ವಕೀಲರು, ಅಂಥ ಷರತ್ತು ಇರಲೇ ಇಲ್ಲ, ಈ ಹೆಂಗಸು ಈಗ ಕಥೆ ಕಟ್ಟುತ್ತಿದ್ದಾಳೆ ಎಂದು ಬರೆದುಕೊಟ್ಟಿದ್ದಾರೆ. ಬಾಯಮ್ಮ, ನನಗೆ ಸಾಲಗಾರ್ತಿ ಎಂದರೆ ನೋವಿಲ್ಲ, ಸಾಲ ಮಾಡಿದ್ದೇನೆ. ಸುಳ್ಳುಗಾರ್ತಿ ಎಂದದ್ದು ಎರಡು ದಿನದಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ.

ಒಂದು ಕೇಳುತ್ತೇನೆ. ಆ ದಿನ ನಮ್ಮ ಟೇಬಲಿನ ಆರ್ಡರು ಟೈಪ್ ಮಾಡಿದವರು ಯಾರೆಂದು ನಿಮಗೆ ಗೊತ್ತಾಗಬಹುದಾ? ಜಗಳ ಮಾಡಲಿಕ್ಕಲ್ಲ. ಆ ಕಾಗದವನ್ನು ಕಣ್ಣಿಂದ ಕಂಡವರು ಅವರೊಬ್ಬರೇ ಅಲ್ವಾ. ಇಪ್ಪತ್ತೆಂಟಕ್ಕೆ ಒಂಬತ್ತು ದಿನ ಉಂಟು. ಬೇಗ ಬರೆಯಿರಿ.

ಅಕ್ಕು


ಬಂದರ್
29 ಜುಲೈ 2025

ಬಾಯಮ್ಮ,

ನಿಮ್ಮ ಉತ್ತರ ಬರಲಿಲ್ಲ. ಹತ್ತು ದಿನದಿಂದ ಪೋಸ್ಟ್‌ಮ್ಯಾನ್ ಜಾನೆಟಳನ್ನು ದೂರದಿಂದ ಕಂಡರೂ ಎದ್ದು ನಿಲ್ಲುತ್ತಿದ್ದೇನೆ. ಅವಳು ಈಗ ಕೇಳದೆಯೇ ಕೈಯಾಡಿಸಿ ಇಲ್ಲ ಎನ್ನುತ್ತಾಳೆ.

ಚೆಕ್ ವಾಪಸ್ ಮಾಡಿದ್ದಕ್ಕೆ ಸಿಟ್ಟಾದಿರಾ? ನನ್ನ ಬಾಯಿ ಒರಟು, ನಿಮಗೆ ಗೊತ್ತಿದ್ದದ್ದೇ. ಅಥವಾ ಪುಣೆಗೆ ಹೋದ ಮೇಲೆ ಮೀನಿನವಳ ರಗಳೆ ಬೇಡ ಎನಿಸಿತೋ ಏನೋ. ಹಾಗಿದ್ದರೆ ಒಂದು ಸಾಲು ಬರೆದುಬಿಡಿ, ಸುಮ್ಮನಾಗುತ್ತೇನೆ.

ನಿನ್ನೆ ಕೋರ್ಟಿಗೆ ಹೋಗಿದ್ದೆ. ಜಡ್ಜ್ ಮೇಡಂ ಆಗಸ್ಟ್ ಆರರವರೆಗೆ ಕೊನೆಯ ಅವಕಾಶ ಕೊಟ್ಟಿದ್ದಾರೆ. ಅಷ್ಟರಲ್ಲಿ ರಾಜಿ ಪತ್ರ ಸಿಗದಿದ್ದರೆ ಜಪ್ತಿಗೆ ಆರ್ಡರು. ಕಮಲೇಶ ರಿಕ್ಷಾವನ್ನು ತೊಳೆದು ಹೊಸ ಟಯರು ಹಾಕಿ ಇಟ್ಟಿದ್ದ, ಸೀಸನಿಗೆಂದು. ಇವತ್ತು ಬೆಳಿಗ್ಗೆ ಅದರ ಬದಿಯಲ್ಲಿ ಕೂತು, "ಅಮ್ಮ, ನಾನು ಬೇರೆಯವರ ಬೋಟಿಗೆ ಹೋಗ್ತೇನೆ, ನೀವು ಮನೆಯಲ್ಲಿ ಇರಿ" ಎಂದ. ಮುರಿದು ಕೂಡಿದ ಕಾಲಿನಲ್ಲಿ ಬೋಟಿಗೆ ಹೋಗುತ್ತಾನಂತೆ. ಅವನಿಗೆ ಎಂತ ಹೇಳಲಿ?

ಅಕ್ಕು


ಪುಣೆ
30 ಜುಲೈ 2025

ಅಕ್ಕು,

ನಿನ್ನ ಹತ್ತೊಂಬತ್ತರ ಪತ್ರ ನನಗೆ ಇಪ್ಪತ್ತಮೂರಕ್ಕೇ ಸಿಕ್ಕಿತ್ತು. ಒಂದು ವಾರ ಅದನ್ನು ಬೈಬಲಿನ ಒಳಗೆ ಇಟ್ಟುಕೊಂಡು ಕೂತೆ. ಇಪ್ಪತ್ತೆಂಟು ಕಳೆದುಹೋಯಿತೆಂದು ನನಗೆ ಗೊತ್ತು. ನಿನ್ನ ರಿಕ್ಷಾ ಇದೆಯೋ ಹೋಯಿತೋ ಗೊತ್ತಿಲ್ಲ. ಲವಿನಾಳಿಂದ ಫೋನ್ ಮಾಡಿಸಬಹುದಿತ್ತು. ಮಾಡಿಸಬೇಕಾದರೆ ಮೊದಲು ಅವಳಿಗೆ ಎಲ್ಲವನ್ನೂ ಹೇಳಬೇಕಿತ್ತು, ಆ ಧೈರ್ಯ ನನಗಿರಲಿಲ್ಲ.

ನಿನ್ನ ಆರ್ಡರು ಟೈಪ್ ಮಾಡಿದವಳು ನಾನು.

ಅದು ನನ್ನ ಕೊನೆಯ ಅದಾಲತ್. ಒಳಗಿನ ಕೋಣೆಯಲ್ಲಿ ಕೂತಿದ್ದೆ. ಬಂದ ರಾಜಿ ಪತ್ರಗಳ ರಾಶಿಯಲ್ಲಿ ನಿನ್ನ ಹೆಸರು ಕಂಡಿತು. ಕಿಟಕಿಯಿಂದ ನೋಡಿದರೆ ನೀನು ಸೆರಗು ಹೊದ್ದುಕೊಂಡು ಗೋಡೆಗೆ ಅಂಟಿ ನಿಂತಿದ್ದೆ. ನನಗೆ ಕಾಣಬಾರದೆಂದು ನಿಂತಿದ್ದೀ ಎಂದು ಅರ್ಥವಾಯಿತು, ಹಾಗಾಗಿ ಹೊರಗೆ ಬರಲಿಲ್ಲ. ಇವಳು ಬೆಳಿಗ್ಗೆಯ ವ್ಯಾಪಾರ ಬಿಟ್ಟು ಬಂದಿದ್ದಾಳೆ, ಬೇಗ ಕಳಿಸೋಣ ಎಂದು ನಿನ್ನ ಕಾಗದವನ್ನು ರಾಶಿಯ ಅಡಿಯಿಂದ ಎಳೆದು ಮೇಲಿಟ್ಟುಕೊಂಡೆ. ನೀನು ಮಂಜುನಾಥನ ದಯೆ ಎಂದುಕೊಂಡದ್ದು ಅದು. ಫಾರಂ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಹೆಸರು, ಮೊತ್ತ, ಕಂತು ತುಂಬಿಸಿದರೆ ಆಯಿತು. ನಿನ್ನ ರಾಜಿ ಪತ್ರದಲ್ಲಿ ಜಾಗ ಸಾಲದೆ ಜೂನ್ ಜುಲೈಯ ಷರತ್ತನ್ನು ಹಿಂಬದಿಯಲ್ಲಿ ಬರೆದಿದ್ದರು. ಮೂಲೆಯಲ್ಲಿ ಬಾಣದ ಗುರುತೂ ಇತ್ತು. ಅವಸರದಲ್ಲಿ ನಾನು ಕಾಗದ ಮಗುಚಲಿಲ್ಲ.

ಇಷ್ಟೇ ಆಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಸಂಜೆ ಐದಕ್ಕೆ ರಾಜಿ ಪತ್ರಗಳನ್ನೆಲ್ಲ ಕಟ್ಟುವಾಗ ನಿನ್ನದರ ಹಿಂಬದಿ ಕಣ್ಣಿಗೆ ಬಿತ್ತು. ಓದಿದೆ. ಜಡ್ಜರು ಇನ್ನೂ ಚೇಂಬರಿನಲ್ಲಿದ್ದರು, ಇಪ್ಪತ್ತು ಹೆಜ್ಜೆ. ಹೋಗಿ ಹೇಳಿದ್ದರೆ ಅಲ್ಲಿಯೇ ಸರಿಯಾಗುತ್ತಿತ್ತು. ಆದರೆ ನನ್ನ ನಿವೃತ್ತಿಗೆ ಹದಿನೇಳು ದಿನ ಉಳಿದಿತ್ತು. ಮೂವತ್ತಾರು ವರ್ಷ ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಕಿವಿ ಹೋಗಿರುವುದನ್ನು ಒಂದು ವರ್ಷದಿಂದ ಮುಚ್ಚಿಟ್ಟಿದ್ದೆ, ಅದೂ ಹೊರಗೆ ಬರುತ್ತದೆ, ಪೆನ್ಶನ್ ಕಾಗದ ಎಲ್ಲಿ ನಿಲ್ಲುತ್ತದೋ ಎಂದು ಹೆದರಿದೆ. ಕಂಪನಿಯವರೂ ಒಪ್ಪಿದ್ದಾರಲ್ಲ, ಮಾತಿನಂತೆ ನಡೆದುಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಗಂಟು ಹಾಕಿದೆ.

ಈಗ ಗಮನವಿಟ್ಟು ಓದು, ವಕೀಲರಿಗೆ ತೋರಿಸು. ಅದಾಲತ್ತಿನ ರಾಜಿ ಪತ್ರಗಳು ಕೇಸಿನ ಫೈಲಿಗೆ ಹೋಗುವುದಿಲ್ಲ. ಪೀಠದ ನಂಬರಿನ ಪ್ರಕಾರ ಬೇರೆಯೇ ಕಟ್ಟು. ನಿನ್ನದು ಮೂರನೇ ಪೀಠದ್ದು. ರೆಕಾರ್ಡ್ ರೂಮಿನಲ್ಲಿ ಬಾಗಿಲ ಎಡಗಡೆಯ ಕಬ್ಬಿಣದ ಕಪಾಟಿನ ಮೇಲುಗಡೆ ಇಟ್ಟಿದ್ದೇವೆ. ಅಲ್ಲಿ ಮಾಯಿಲಪ್ಪ ಎಂಬ ಅಟೆಂಡರ್ ಇದ್ದಾನೆ, ಅವನೇ ಏಣಿ ಹತ್ತಿ ಇಟ್ಟದ್ದು. ಇದನ್ನು ಮೊದಲ ಪತ್ರದಲ್ಲೇ ಬರೆಯಬಹುದಿತ್ತು. ಬರೆದರೆ ನಿಮಗೆ ಹೇಗೆ ಗೊತ್ತು ಎಂದು ನೀನು ಕೇಳುತ್ತಿದ್ದೆ. ಅದಕ್ಕೇ ಸಿಗಬಹುದು ಎಂದು ಬರೆದು, ಬಾಯಿ ಮುಚ್ಚಿಸಲು ಚೆಕ್ ಇಟ್ಟೆ. ನಿನ್ನ ಬಾಯಿಯಲ್ಲ, ನನ್ನ ಮನಸ್ಸಿನದ್ದು.

ಇದರೊಂದಿಗೆ ನನ್ನ ಅಫಿಡವಿಟ್ ಇದೆ, ನೋಟರಿಯ ಮುದ್ರೆ ಹಾಕಿಸಿದ್ದೇನೆ. ಸಂಜೆ ನೋಡಿಯೂ ಸುಮ್ಮನಿದ್ದೆ ಎಂಬುದನ್ನೂ ಅದರಲ್ಲಿ ಬರೆದಿದ್ದೇನೆ. ಕೋರ್ಟಿಗೆ ಕೊಡಲಿ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ಮಟಿಲ್ಡಾ


ಬಂದರ್
2 ಆಗಸ್ಟ್ 2025

ಬಾಯಮ್ಮ,

ಕಾಗದ ಇವತ್ತು ಬಂತು. ರಿಕ್ಷಾ ಇನ್ನೂ ಇದೆ, ಆರನೇ ತಾರೀಕಿನವರೆಗೆ.

ನನಗೆ ಸಿಟ್ಟು ಬಂದಿದೆ. ನೀವು ಕಾಗದ ಮಗುಚದೇ ಇದ್ದದ್ದಕ್ಕಲ್ಲ. ತಕ್ಕಡಿ ಹಿಡಿಯುವ ನನ್ನ ಕೈಯೂ ಎಷ್ಟೋ ಸಲ ತಪ್ಪಿದೆ. ಆ ಸಂಜೆ ನೀವು ಹೆದರಿದ್ದೂ ಅರ್ಥವಾಗುತ್ತದೆ. ಆದರೆ ಜುಲೈ ಹದಿನಾಲ್ಕಕ್ಕೆ ನಿಮಗೆ ಪೆನ್ಶನ್ ಬರುತ್ತಿತ್ತು, ಕಪಾಟು ಎಲ್ಲಿದೆಯೆಂದೂ ಗೊತ್ತಿತ್ತು. ಆಗ ನೀವು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿರಿ. ನಾನು ಆ ಫೈಲನ್ನು ನಾಲ್ಕು ಸಲ ತೆಗೆಸಿ, ಗುಮಾಸ್ತರ ಮುಂದೆ ನಾಲ್ಕು ಸಲ ಹಲ್ಲು ಗಿಂಜಿದೆ. ಕೋರ್ಟಿನಲ್ಲಿ ನನ್ನನ್ನು ಸುಳ್ಳುಗಾರ್ತಿ ಎಂದರು. ನೀವು ಸುಮ್ಮನಿದ್ದಿರಿ. ನಿಮಗೆ ನನ್ನ ಮೇಲೆ ಕನಿಕರ ಎಂದುಕೊಂಡಿದ್ದೆನಲ್ಲ, ನನ್ನಂಥ ಪೆದ್ದು ಯಾರಿದ್ದಾರೆ?

ಇನ್ನೇನೂ ಬರೆಯುವುದಿಲ್ಲ. ಬರೆದರೆ ಬಾಯಿಗೆ ಬಂದದ್ದು ಬರುತ್ತದೆ. ಕಾಗದವನ್ನೂ ಅಫಿಡವಿಟ್ಟನ್ನೂ ವಕೀಲರಿಗೆ ಕೊಟ್ಟಿದ್ದೇನೆ. ಸೋಮವಾರ ಮಾಯಿಲಪ್ಪನ ಹತ್ತಿರ ಹೋಗುತ್ತಾರೆ.

ಅಕ್ಕು


ಬಂದರ್
7 ಆಗಸ್ಟ್ 2025

ಮಟಿಲ್ಡಾ ಬಾಯಮ್ಮನವರಿಗೆ ಅಕ್ಕು ಮಾಡುವ ನಮಸ್ಕಾರಗಳು.

ಇವತ್ತು ಕ್ಷೇಮ ಎಂದು ಧಾರಾಳವಾಗಿ ಬರೆಯುತ್ತೇನೆ. ನಾನು ಕ್ಷೇಮ, ಕಮಲೇಶ ಕ್ಷೇಮ, ರಿಕ್ಷಾ ಕ್ಷೇಮ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರಲ್ಲ, ನನಗೆ ಅಷ್ಟು ಬೇಡ, ಮೂವತ್ತು ಕಂತು ಮುಗಿಯುವಷ್ಟು ಸಾಕು.

ಸೋಮವಾರ ನಾನು ದಕ್ಕೆಯಲ್ಲಿದ್ದೆ. ಸೀಸನಿನ ಮೊದಲ ಬೋಟುಗಳು ಬಂದಿದ್ದವು, ಮೀನಿನ ಏಲಂ ಕೂಗುತ್ತಿದ್ದರು. ಆಗ ಝಿಯಾದ್ ವಕೀಲರ ಫೋನ್ ಬಂತು. "ಸಿಕ್ಕಿತು ಅಕ್ಕ. ಮೂರನೇ ಪೀಠದ ಕಟ್ಟು, ಕಪಾಟಿನ ಮೇಲೆಯೇ ಉಂಟು. ಹಿಂಬದಿಯಲ್ಲಿ ಜೂನ್ ಜುಲೈ ಬರ್ದದ್ದು ನನ್ನ ಕಣ್ಣಲ್ಲಿ ನೋಡಿದೆ." ಹೋದ ಜೀವ ಬಂದ ಹಾಗಾಯಿತು. ಅಲ್ಲಿಯೇ ಒಂದು ಮೀನಿನ ಕ್ರೇಟಿನ ಮೇಲೆ ಕೂತುಬಿಟ್ಟೆ. ಯಾರ ಕ್ರೇಟೋ, ಅವನು ಬಂದು, "ಎಂತ ಅಕ್ಕು, ಬಂಗುಡೆಯ ಮೇಲೆ ಕೂತ್ರೆ ಅದು ಮಾರಿ ಹೋಗ್ತದಾ ಮಾರಾಯ್ತಿ?" ಎಂದ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಅವನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

ನಿನ್ನೆ ಕೋರ್ಟಿನಲ್ಲಿ ಕಟ್ಟನ್ನೇ ತರಿಸಿದ್ದರು. ಜಡ್ಜ್ ಮೇಡಂ ನನ್ನ ಕಾಗದವನ್ನು ತೆಗೆದು ಮುಂಬದಿ ಓದಿದರು, ಮಗುಚಿ ಹಿಂಬದಿ ಓದಿದರು. ಕಂಪನಿಯ ವಕೀಲರು ಎದ್ದು, ಹಿಂಬದಿಯದ್ದು ಆಮೇಲೆ ಸೇರಿಸಿರಬಹುದು ಎಂದರು. ಮೇಡಂ ಕಾಗದವನ್ನು ಮ್ಯಾನೇಜರನ ಕಡೆ ಹಿಡಿದು, "ಈ ಬರವಣಿಗೆಯ ಕೆಳಗಿನ ಸಹಿ, ಸೀಲು ಯಾರದ್ದು?" ಎಂದು ಕೇಳಿದರು. ಅವನು ಬಗ್ಗಿ ನೋಡಿದ. "ನನ್ನದೇ ಮೇಡಂ. ಆ ದಿನವೇ ಹಾಕಿದ್ದು. ಆರ್ಡರಿನಲ್ಲಿ ಇರಲಿಲ್ಲ ನೋಡಿ, ನನಗೆ ಮರ್ತೇ ಹೋಗಿತ್ತು" ಎಂದ. ಪಾಪ, ಕಿವಿ ಕೆಂಪಾಗಿತ್ತು. ವಕೀಲರು ಕೂತರು.

ಆಮೇಲೆ ಮೇಡಂ ಆಫೀಸಿನವರ ಕಡೆ ತಿರುಗಿ ಖಾರವಾಗಿ, "ಇಷ್ಟು ಸ್ಪಷ್ಟವಾಗಿ ಇದ್ದದ್ದನ್ನು ಬಿಟ್ಟು ಟೈಪ್ ಮಾಡಿದವರು ಯಾರು?" ಎಂದರು. ಝಿಯಾದ್ ವಕೀಲರು ಫೈಲಿನಿಂದ ನಿಮ್ಮ ಅಫಿಡವಿಟ್ ತೆಗೆದರು. ಅದು ಅವರ ಕೆಲಸ. ನನ್ನ ಸಿಟ್ಟು ಆಗಲೂ ಇತ್ತು ಬಾಯಮ್ಮ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟು ಜನರ ಮುಂದೆ ನಿಮ್ಮ ಹೆಸರು ಕೂಗುತ್ತಾರೆ ಎನ್ನುವಾಗ, ಗೋಡೆಗೆ ಅಂಟಿ ನಿಂತಿದ್ದ ನನ್ನನ್ನು ಕಂಡು ನೀವು ಹೊರಗೆ ಬಾರದೆ ಕೂತದ್ದು ಕಣ್ಣಿಗೆ ಕಟ್ಟಿತು. ನಾನು ಎದ್ದು ನಿಂತೆ. ವಕೀಲರು ಕೂತುಕೊಳ್ಳಿ ಎಂದು ಸನ್ನೆ ಮಾಡಿದರೂ ಕೂರಲಿಲ್ಲ.

"ಮೇಡಂ, ನನ್ನದೊಂದು ಮಾತು ಉಂಟು" ಎಂದೆ. "ಟೈಪ್ ಮಾಡಿದವರು ತಪ್ಪಿದ್ದು ಹೌದು. ಆದ್ರೆ ಅದನ್ನು ನನಗೆ ಓದಿ ಹೇಳಿದ್ದಾರೆ. ಪ್ರತಿ ತಿಂಗಳು ಅಂತ ಕೇಳಿಯೂ ನಾನು ಹೂಂ ಅಂದೆ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ಕೋರ್ಟಿಗೂ ಹಾಗೇ ಅಂತ ಗ್ರಹಿಸಿದೆ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಹೆಬ್ಬೆಟ್ಟಲ್ಲ, ಸಹಿ ಹಾಕಿದವಳು ನಾನು. ತಪ್ಪು ಅಂತ ಬರಿಯುದಾದ್ರೆ ನನ್ನದೂ ಬರೀರಿ."

ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು, "ಕೂತುಕೊಳ್ಳಿ ಅಮ್ಮ. ಯಾರ ತಪ್ಪನ್ನೂ ಬರೆಯುವ ಅಗತ್ಯ ಇಲ್ಲ, ಎರಡೂ ಕಡೆಯ ಸಹಿ ಇದೆ, ಇಷ್ಟು ಸಾಕು" ಎಂದು ಹೇಳಿ ವಕೀಲರಿಗೆ ಅಫಿಡವಿಟ್ ಒಳಗಿಡಲು ಹೇಳಿದರು. ಆಕಸ್ಮಿಕ ಕೈತಪ್ಪು ಎಂದು ಬರೆಸಿದರು. "ಪ್ರತಿ ವರ್ಷ ಜೂನ್ ಮತ್ತು ಜುಲೈ ತಿಂಗಳುಗಳನ್ನು ಹೊರತುಪಡಿಸಿ" ಎಂದು ಸೇರಿಸಿದರು. ಏಳೇ ಪದ. ಕಂತು ತಪ್ಪಿಲ್ಲವೆಂದು ಕಂಪನಿಯ ಜಪ್ತಿ ಅರ್ಜಿಯನ್ನು ವಜಾ ಮಾಡಿದರು. ಹೊರಗೆ ಬಂದು ಕಮಲೇಶನಿಗೆ ಹೇಳಿದರೆ ಅವನು ರಿಕ್ಷಾ ಸ್ಟಾರ್ಟ್ ಮಾಡಿದ. ಕದ್ರಿಯವರೆಗೆ ಹೋಗಿ ನಾಲ್ಕು ಮನೆಗೆ ಮೀನು ಕೊಟ್ಟೆವು.

ನಿಮ್ಮ ಅಫಿಡವಿಟ್ ಇದರೊಟ್ಟಿಗೆ ಇದೆ. ಎಲ್ಲಿಯೂ ಫೈಲಾಗಿಲ್ಲ, ನಿಮ್ಮ ಹೆಸರು ಯಾವ ಕಾಗದದಲ್ಲಿಯೂ ಬಂದಿಲ್ಲ. ಹರಿದು ಒಲೆಗೆ ಹಾಕಿ. ಸಿಟ್ಟು ಪೂರ್ತಿ ಇಳಿಯಲು ಇನ್ನೂ ಸ್ವಲ್ಪ ದಿನ ಬೇಕು. ಆದರೆ ನೀವು ಆ ಕಾಗದ ಬರೆಯದಿದ್ದರೆ ಇವತ್ತು ನಮ್ಮ ರಿಕ್ಷಾ ಇರುತ್ತಿರಲಿಲ್ಲ, ಅದನ್ನೂ ಮರೆಯುವವಳಲ್ಲ. ಮಂಗಳೂರಿಗೆ ಯಾವಾಗ ಬರುತ್ತೀರೆಂದು ಬರೆಯಿರಿ. ಮೀನಿಗೆ ದುಡ್ಡು ತೆಗೆದುಕೊಳ್ಳುತ್ತೇನೆ, ಬಿಟ್ಟಿ ಕೊಡುವುದಿಲ್ಲ.

ನಿಮ್ಮ
ಅಕ್ಕು


ಪುಣೆ
12 ಆಗಸ್ಟ್ 2025

ಪ್ರಿಯ ಅಕ್ಕು,

ನಿನ್ನ ಪತ್ರವನ್ನು ಲವಿನಾಳ ಎದುರು ಕೂತು ಗಟ್ಟಿಯಾಗಿ ಓದಿದೆ. ಈಗ ಅವಳಿಗೂ ಎಲ್ಲ ಗೊತ್ತು. ಓದಿ ಮುಗಿಸುವಾಗ ಅವಳ ಕಣ್ಣು ಒದ್ದೆಯಾಗಿತ್ತು. "ಮಮ್ಮಿ, ಇಷ್ಟು ತಿಂಗಳು ಒಬ್ಬಳೇ ಇಟ್ಟುಕೊಂಡದ್ದಾ?" ಎಂದು ಚೀಟಿಯಲ್ಲಿ ಬರೆದು ತೋರಿಸಿದಳು. ಎಂಟು ತಿಂಗಳ ಮೇಲೆ ಎದೆ ಹಗುರವಾಗಿದೆ. ನಿನ್ನೆ ಮಧ್ಯಾಹ್ನ ಎರಡು ಗಂಟೆ ಎಚ್ಚರವಿಲ್ಲದೆ ನಿದ್ದೆ ಮಾಡಿದೆ.

ಅಫಿಡವಿಟ್ ಹರಿಯಲಿಲ್ಲ. ನೀನು ಬೈದರೂ ಸರಿ. ಆ ದಿನ ನಾನು ನೂರ ಹನ್ನೆರಡು ಆರ್ಡರು ಟೈಪ್ ಮಾಡಿದ್ದೆ. ಅಷ್ಟರಲ್ಲಿ ಬೇರೆ ಯಾವ ಕಾಗದ ಮಗುಚದೆ ಬಿಟ್ಟೆನೋ ನನಗೆ ತಿಳಿಯದು. ಇನ್ನೊಬ್ಬಳು ಎಲ್ಲಾದರೂ ಅಮೀನರ ನೋಟೀಸು ಹಿಡಿದುಕೊಂಡು ಅಳುತ್ತಿದ್ದರೆ? ಅವಳಿಗೆ ಕಪಾಟು ತೋರಿಸುವವರು ಯಾರು? ಆ ದಿನದ ಕಟ್ಟನ್ನು ಪೂರ್ತಿ ಬಿಚ್ಚಿ, ಎರಡೂ ಬದಿ ಆರ್ಡರಿನ ಜೊತೆ ತಾಳೆ ನೋಡಬೇಕೆಂದು ಒಂದು ಮನವಿ ಬರೆದು, ಅಫಿಡವಿಟ್ಟನ್ನು ಅದರ ಮೇಲಿಟ್ಟು ಇವತ್ತು ಬೆಳಿಗ್ಗೆ ಕೋರ್ಟಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಹೆಸರು ಬರುವುದಾದರೆ ಬರಲಿ. ಪೋಸ್ಟಾಫೀಸಿನಿಂದ ಬರುವಾಗ ನನಗೆ ಹೆದರಿಕೆಯಾಗಲಿಲ್ಲ.

ಅಕ್ಕು, ಮೂವತ್ತಾರು ವರ್ಷ ಕೋರ್ಟಿನಲ್ಲಿ ಕೂತು ಜನ ಹೇಳಿದ್ದನ್ನೆಲ್ಲ ಟೈಪ್ ಮಾಡಿದ್ದೇನೆ. ತಪ್ಪು ನನ್ನದಲ್ಲ, ಅವನದು. ನನ್ನದಲ್ಲ, ಅವಳದು. ಸಾವಿರಗಟ್ಟಲೆ ಪುಟ, ಅದೇ ಮಾತು. ನನ್ನದೂ ಬರೆಯಿರಿ ಎಂದವರು ಒಬ್ಬರೂ ಇರಲಿಲ್ಲ. ನೀನು ಎದ್ದು ನಿಂತು ಅದನ್ನು ಹೇಳಿದ ದಿನ, ಟೈಪ್ ಮಾಡಲು ನಾನು ಅಲ್ಲಿ ಇರಬೇಕಿತ್ತು.

ನಿನ್ನ
ಮಟಿಲ್ಡಾ